ಬೈರಿಗೆಯ ಕೆಳಗೆ ಯರ್ರಮ್ಮನ ಕೈ

ಕಬ್ಬಿಣಕ್ಕೆ ತೂತು ಹಾಕುವುದು ಏನು ಮಹಾ ಕೆಲಸ ಅನ್ನುತ್ತೀರಿ ಈಗ. ಗುಂಡಿ ಒತ್ತಿದರೆ ಮಷೀನು ಗುರ್ ಅನ್ನುತ್ತದೆ, ಬಾಯಲ್ಲಿದ್ದ ಎಲೆಯಡಿಕೆ ಮೆತ್ತಗಾಗುವುದರೊಳಗೆ ತೂತು ಬಿದ್ದಿರುತ್ತದೆ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ, ಮಹಾರಾಜರ ಆಳ್ವಿಕೆಯ ದಿನಗಳಲ್ಲಿ, ಚಳ್ಳಕೆರೆಯ ಕುಲುಮೆಗಳಲ್ಲಿ ಅದು ಬೆವರಿಳಿಸುವ ಕೆಲಸವಾಗಿತ್ತು. ಕಬ್ಬಿಣ ಕಾಯಿಸಬೇಕು, ಕೆಂಪಗಾದ ಮೇಲೆ ಅಡಿಗಲ್ಲಿನ ಮೇಲಿಡಬೇಕು, ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಇಷ್ಟೆಲ್ಲ ಮಾಡಿದರೂ ತೂತು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಬಂಡಿಯ ಪಟ್ಟಿಗೆ ಬೋಲ್ಟು ಕೂರಿಸಲು ಹೋದವನು ಕಮ್ಮಾರನ ವಂಶವನ್ನೆಲ್ಲ ಬೈದುಕೊಂಡು ಬರುತ್ತಿದ್ದ.

ಊರಿಗೆಲ್ಲ ಇದೇ ಪಾಡಾದರೂ ಚಿನ್ನಯ್ಯನ ಕುಲುಮೆಯ ಮಾತು ಬೇರೆ. ಅಲ್ಲಿ ಬಿದ್ದ ತೂತು ಕಣ್ಣಿಗೆ ಒಪ್ಪುವಂತಿರುತ್ತಿತ್ತು. ಅದಕ್ಕೆ ಕಾರಣ ಚಿನ್ನಯ್ಯನಲ್ಲ, ಅವನ ಹೆಂಡತಿ ಯರ್ರಮ್ಮ. ಬೇರೆ ಕುಲುಮೆಗಳಲ್ಲಿ ಗಂಡಸು ಇಕ್ಕಳದಲ್ಲಿ ಕಬ್ಬಿಣ ಹಿಡಿದರೆ ಹೆಂಗಸು ದೊಡ್ಡ ಸುತ್ತಿಗೆ ಎತ್ತುತ್ತಾಳೆ. ಚಿನ್ನಯ್ಯನ ಮನೆಯಲ್ಲಿ ಇದು ತಿರುಗಾಮುರುಗಾ. ಹೊಡೆಯುವುದು ಗಂಡಸು, ಹಿಡಿಯುವುದು ಹೆಂಗಸು. ಯರ್ರಮ್ಮ ಸೊಸೆಯಾಗಿ ಮನೆ ತುಂಬಿದ ಹೊಸದರಲ್ಲೇ ಅತ್ತೆ ಕಾಟಮ್ಮ ತನ್ನ ಇಕ್ಕಳವನ್ನು ಅವಳ ಕೈಗೆ ಕೊಟ್ಟು, "ನಮ್ಮನೇಲಿ ಒಲೆ ಮುಂದೆ ಯಾರು ಕುಂತ್ರೂ ನಡೀತೈತೆ. ಅಡಿಗಲ್ಲ ಮುಂದೆ ಕೂರೋಳು ಮಾತ್ರ ಸೊಸೇನೇ" ಅಂದಿದ್ದಳು.

ಯರ್ರಮ್ಮ ಎಡಗೈಗೆ ಒದ್ದೆ ಗೋಣಿಚೂರು ಸುತ್ತಿಕೊಂಡು ಕೂತಳೆಂದರೆ ಕಬ್ಬಿಣ ಒಂದು ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಬಿಸಿ ತಾಗದಿರಲಿ ಎಂದು ಗೋಣಿ. ಅವಳು "ಹ್ಞೂಂ" ಅಂದರೆ ಗಂಡ ಹೊಡೆಯಬೇಕು, "ತಡಿ" ಅಂದರೆ ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಲ್ಲಬೇಕು. ಹೀಗೆ ಎಷ್ಟೋ ವರ್ಷ ನಡೆದಿತ್ತು. ಇಬ್ಬರ ಮೈಮೇಲೂ ಒಂದು ಗಾಯವಿರಲಿಲ್ಲ. ಸಂತೆಗೆ ಬಂದ ರೈತರು ಕೆಲಸವಿಲ್ಲದಿದ್ದರೂ ಕುಲುಮೆಯ ಮುಂದೆ ನಿಂತು ನೋಡುತ್ತಿದ್ದರು. ಯರ್ರಮ್ಮನಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಕೂತಿರುವುದೂ ಗೊತ್ತಿತ್ತು.

ಹೀಗಿರುವಾಗ ಉಳ್ಳಾರ್ತಿ ಕಾವಲಿನ, ಅಂದರೆ ಸರ್ಕಾರಿ ಹುಲ್ಲುಗಾವಲಿನ, ದನದ ದೊಡ್ಡಿಗಳಿಗೆ ಹೊಸ ಗೇಟು ಕೂರಿಸುವ ಕೆಲಸ ಬಂತು. ಅಮೃತಮಹಲ್ ಹೋರಿಗಳೆಂದರೆ ಸಾಮಾನ್ಯವೇ? ಹಳೆಯ ಗೇಟುಗಳ ಕೀಲು ಕಿತ್ತು ಹಾಕಿದ್ದವು. ಗುತ್ತಿಗೆ ಹಿಡಿದ ಶಿವಮೂರ್ತಪ್ಪ ಕುಲುಮೆಗೆ ಬಂದು ಕೀಲುಪಟ್ಟಿ, ಚಿಲಕದ ಪಟ್ಟಿಗಳ ಅಳತೆ ಕೊಟ್ಟ. ಕೊಟ್ಟವನು ಒಂದು ಷರತ್ತನ್ನೂ ಹಾಕಿದ.

"ಉಳಿ ಹೊಡೆದ ತೂತು ನನಗೆ ಬೇಡ ಚಿನ್ನಯ್ಯ. ಬೋಲ್ಟು ಸಡಿಲಾದ್ರೆ ಗೇಟು ಹೋರಿ ಕೊಂಬಿಗೆ ಹಾರ ಆಗ್ತೈತೆ. ಬೈರಿಗೆ ಯಂತ್ರದಾಗೆ ಕೊರೆದ ತೂತೇ ಆಗಬೇಕು. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು, ದಾವಣಗೆರೆ ಕಡೆ ನೋಡ್ಕಂತೀನಿ."

ಆಗಲ್ಲ ಅನ್ನುವ ಮಾತು ಯರ್ರಮ್ಮನ ಕಿವಿಗೆ ಬಿದ್ದ ಮೇಲೆ ಕೇಳಬೇಕೇ? ಗಂಡ ಬಾಯಿ ತೆರೆಯುವ ಮೊದಲೇ, "ಆಗ್ತೈತೆ, ಮಾಡಿ ಕೊಡ್ತೀವಿ ರೀ" ಅಂದುಬಿಟ್ಟಳು.

ಅವಳು ಹಾಗೆ ಅಂದದ್ದಕ್ಕೆ ಆಧಾರವೂ ಇತ್ತು. ಊರ ಹೊರಗೆ ನಾಗೇಂದ್ರಪ್ಪನವರ ಹತ್ತಿ ಮಿಲ್ಲಿನಲ್ಲಿ ಎಣ್ಣೆ ಇಂಜಿನ್ನು ಓಡುತ್ತಿತ್ತು. ಮಿಲ್ಲಿನ ರಿಪೇರಿಗೆಂದು ಅಲ್ಲೊಂದು ಬೈರಿಗೆ ಯಂತ್ರವನ್ನೂ ತರಿಸಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಫಿಟ್ಟರ್ ಮಾರಣ್ಣ ಬೇರೆ ಯಾರೂ ಅಲ್ಲ, ಮೊಳಕಾಲ್ಮುರಿನಿಂದ ಬಂದ ಯರ್ರಮ್ಮನ ತಮ್ಮ. ತಮ್ಮ ಮಾಲೀಕರನ್ನು ಕೇಳಿದ. ಮಿಲ್ಲಿನ ರಿಪೇರಿ ಇಲ್ಲದ ದಿನ ಮಾಡಿಕೊಳ್ಳಲಿ ಎಂದು ಅವರು ಒಪ್ಪಿದರು.

ಗಂಡ ಹೆಂಡತಿ ಪಟ್ಟಿಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಹೊರಟರು. ಮಗ, ಸೊಸೆ ಯಂತ್ರದಲ್ಲಿ ಕೆಲಸ ಮಾಡುವುದನ್ನು ನೋಡಬೇಕೆಂದು ಕಾಟಮ್ಮನೂ ಮಜ್ಜಿಗೆ ಗಡಿಗೆ ಹೊತ್ತು ಹಿಂದೆಯೇ ಬಂದಳು.

ಆ ಯಂತ್ರ ಆಳೆತ್ತರದ ಕಬ್ಬಿಣದ ಕಂಬ. ಕಂಬಕ್ಕೆ ಎದೆಮಟ್ಟದಲ್ಲಿ ಒಂದು ಕಬ್ಬಿಣದ ಮೇಜು, ಮೇಜಿನಲ್ಲಿ ಉದ್ದುದ್ದ ಸೀಳುಗಳು. ಮೇಲೆ ತಲೆಕೆಳಗಾಗಿ ನಿಂತ ಬೈರಿಗೆ ಅಲಗು. ಪಕ್ಕದ ಹಿಡಿಕೆ ಒತ್ತಿದರೆ ಅಲಗು ತಿರುಗುತ್ತ ಕೆಳಗಿಳಿಯುತ್ತದೆ. ತಿರುಗಿಸುವುದು ಮಾತ್ರ ಇಂಜಿನ್ನಿನಿಂದ ಬಂದ ತೊಗಲಿನ ಬೆಲ್ಟು. ಒಂದು ಕೋಲು ತಳ್ಳಿದರೆ ಬೆಲ್ಟು ಪಕ್ಕದ ಖಾಲಿ ಗಾಲಿಗೆ ಜಾರಿ ಬೈರಿಗೆ ನಿಲ್ಲುತ್ತದೆ.

ಮಾರಣ್ಣ ಮೊದಲು ತೂತು ಬೀಳಬೇಕಾದ ಜಾಗಕ್ಕೆ ಮೊನಚು ಉಳಿಯಿಂದ ಒಂದು ಚುಕ್ಕಿ ಕುಟ್ಟಿದ. ಅಲಗು ಜಾರದಿರಲಿ ಎಂದು. ಮೇಜಿನ ಮೇಲೆ ಮರದ ಹಲಗೆ ಹಾಸಿ, ಅದರ ಮೇಲೆ ಕೀಲುಪಟ್ಟಿ ಇಟ್ಟ. ಆಮೇಲೆ ಎರಡು ದಪ್ಪ ಬಿಗಿಪಟ್ಟಿ ತಂದು ಕೀಲುಪಟ್ಟಿಯ ಮೇಲೆ ಅಡ್ಡಡ್ಡ ಕೂರಿಸಿ, ಮೇಜಿನ ಸೀಳಿನಲ್ಲಿ ಬೋಲ್ಟು ತೂರಿಸಿ, ಪಾನಾ ಹಾಕಿ ನಟ್ಟು ಬಿಗಿಯತೊಡಗಿದ.

"ಇದೇನಲೇ ಮಾರಣ್ಣ, ಕಬ್ಬಿಣಕ್ಕೆ ಬೇಡಿ ಹಾಕ್ತಿದ್ದೀಯ? ಓಡಿ ಹೋಗ್ತೈತಾ ಅದು?" ಯರ್ರಮ್ಮನಿಗೆ ನಗು ತಡೆಯಲಿಲ್ಲ.

"ಓಡಿ ಹೋಗ್ತೈತೆ ಅಕ್ಕಾ. ಅದಕ್ಕೇ ಹಾಕೋದು."

"ನೀನು ಬಿಗಿಯೋದರಾಗೆ ನಾನು ನಾಲ್ಕು ತೂತು ಹಾಕ್ಸಿರ್ತೀನಿ. ಬಿಡು, ನಾನು ಹಿಡ್ಕಂತೀನಿ."

"ಕೆಂಡದಂಥ ಕಬ್ಬಿಣಾನೇ ಹಿಡಿದೋಳಪ್ಪ ನನ್ನ ಸೊಸೆ," ಕಾಟಮ್ಮ ಗಡಿಗೆ ಕೆಳಗಿಟ್ಟು ಹೇಳಿದಳು. "ತಣ್ಣಗಿರೋ ಪಟ್ಟಿ ಹಿಡಿಯಾಕೆ ಆಗಲ್ವಾ?"

ಮಾರಣ್ಣ ಪಾನಾ ಕೆಳಗಿಟ್ಟ. ಅಕ್ಕನ ಮಾತಿಗೆ ಎದುರಾಡುವುದು ಅವನಿಗೆ ಚಿಕ್ಕಂದಿನಿಂದಲೂ ಕಷ್ಟವೇ. ಆದರೂ ಹೇಳಿದ. "ಅತ್ತೆಮ್ಮ, ಕುಲುಮೆಯಾಗೆ ಕಬ್ಬಿಣ ನಿಂತಿರ್ತೈತೆ, ಪೆಟ್ಟು ಮೇಲಿಂದ ಬೀಳ್ತೈತೆ. ಇಲ್ಲಿ ಹಂಗಲ್ಲ. ಈ ಅಲಗು ತಿರುಚ್ತೈತೆ. ಕೊರೀತಾ ಕೊರೀತಾ ಇನ್ನೇನು ಆ ಕಡೆ ತೂರ್ತೈತೆ ಅನ್ನೋವಾಗ, ತಳದಾಗೆ ಉಳಿದಿರೋ ತೆಳ್ಳನೆ ಕಬ್ಬಿಣಾನ ಕಚ್ಕಂಬಿಡ್ತೈತೆ. ಕಚ್ಕಂಡ್ರೆ ಪಟ್ಟೀನೂ ಅದರ ಜತೆ ಗಿರ್ರಂತ ತಿರುಗ್ತೈತೆ. ಯಾರ ಕೈಯೂ ತಡಿಯಲ್ಲ. ಇನ್ನೊಂದು ಮಾತು ಅಕ್ಕಾ, ಆ ಗೋಣಿಚೂರು ಬಿಚ್ಚಿಡು. ಬಟ್ಟೆ ಸಿಕ್ಕಿತು ಅಂದ್ರೆ ಕೈನೂ ಒಳಗೆ ಎಳ್ಕಂತೈತೆ."

"ಪಟ್ಟಿ ಅಂಚು ಹರಿತ ಇರ್ತೈತಲ್ಲೋ, ಕೈ ಕುಯ್ಯಲ್ವಾ?"

"ಕೈ ಹತ್ತಿರ ಹೋದ್ರೆ ತಾನೇ ಕುಯ್ಯೋದು?"

ಮಾರಣ್ಣ ಒಂದು ಪಟ್ಟಿ ಕೊರೆದು ತೋರಿಸಿದ. ಹಿಡಿಕೆಯನ್ನು ಮೆತ್ತಗೆ ಒತ್ತಿದ. ಕೊನೆಗೆ ಬಂದಾಗ ಇನ್ನೂ ಮೆತ್ತಗೆ ಒತ್ತಿದ. ಕೋಲು ತಳ್ಳಿ ಬೈರಿಗೆ ಪೂರ್ತಿ ನಿಂತ ಮೇಲೇ ತಂತಿ ಬ್ರಷ್ಷಿನಿಂದ ಪುಡಿ ಗುಡಿಸಿದ. ತೂತು ಎರಡೂ ಕಡೆ ಗುಂಡಗೆ ಬಿದ್ದಿತ್ತು. ಚಿನ್ನಯ್ಯ ಅದರೊಳಗೆ ಬೆರಳು ಆಡಿಸಿ ತಲೆದೂಗಿದ. ಯರ್ರಮ್ಮ ತಲೆದೂಗಲಿಲ್ಲ. ಅವಳ ಕೈ ಸುಮ್ಮನೆ ತೊಡೆಯ ಮೇಲಿತ್ತು. ಅಡಿಗಲ್ಲಿನ ಮುಂದೆ ಕೂತ ವರ್ಷಗಳಲ್ಲಿ ಅವಳ ಕೈ ಕೆಲಸದ ಹೊತ್ತಿನಲ್ಲಿ ಹಾಗೆ ಬಿದ್ದಿದ್ದೇ ಇಲ್ಲ.

ಅಷ್ಟರಲ್ಲಿ ಇಂಜಿನ್ ಮನೆಯಿಂದ ಮಾರಣ್ಣನಿಗೆ ಕರೆ ಬಂತು. "ನಾನು ಬರೋವರ್ಗೂ ಮುಟ್ಟಬೇಡ್ರಿ ಭಾವ" ಎಂದು ಹೇಳಿ ಅವನು ಹೋದ.

ಮುಟ್ಟಬೇಡಿ ಅಂದರೆ ಮುಟ್ಟದೇ ಇರುವ ಜನವೇ ನಾವು? ಬಿಸಿಲು ಏರುತ್ತಿತ್ತು, ಪಟ್ಟಿಗಳ ರಾಶಿ ಹಾಗೇ ಇತ್ತು.

"ಏನ್ರಿ, ಹಿಡಿಕೆ ನೀವು ಒತ್ರಿ. ನಾನು ಹಿಡೀತೀನಿ," ಅಂದಳು ಯರ್ರಮ್ಮ.

"ಮಾರಣ್ಣ ಬೇಡ ಅಂದನಲ್ಲೇ."

"ಅವನು ಹುಟ್ಟಿದಾಗ ಅವನ್ನ ಎತ್ಕಂಡು ತಿರುಗಿದೋಳು ನಾನು. ನನಗೆ ಹೇಳ್ತಾನಾ ಅವನು? ಒತ್ರಿ."

ಉದ್ದನೆಯ ಕೀಲುಪಟ್ಟಿಯನ್ನು ತುದಿಯಲ್ಲಿ ಹಿಡಿದಳು. ಕೈಗೆ ಗೋಣಿಚೂರು ಸುತ್ತಿಕೊಂಡೇ ಹಿಡಿದಳು. ಚಿನ್ನಯ್ಯ ಕೋಲು ಎಳೆದು ಬೈರಿಗೆ ತಿರುಗಿಸಿದ. ಅಲಗು ಇಳಿಯಿತು, ತೂತು ಬಿತ್ತು. ಇನ್ನೊಂದು. ಅದೂ ಬಿತ್ತು. ಕೊನೆಯಲ್ಲಿ ಪಟ್ಟಿ ಒಂದಿಷ್ಟು ಅದುರಿದ್ದು ನಿಜ, ಆದರೆ ಉದ್ದದ ಪಟ್ಟಿಯಾದ್ದರಿಂದ ಕೈ ಅಲಗಿನಿಂದ ದೂರವಿತ್ತು, ಪಟ್ಟಿಯ ಉದ್ದವೇ ಅವಳ ಕೈಗೆ ಬಲ ಕೊಡುತ್ತಿತ್ತು. ಅದು ಅದೃಷ್ಟ. ಯರ್ರಮ್ಮ ಅದನ್ನು ತನ್ನ ಕೈಯ ಹಿಡಿತ ಅಂದುಕೊಂಡಳು. ನಮ್ಮಲ್ಲಿ ಅನಾಹುತಗಳೆಲ್ಲ ಆಗುವುದು ಹೀಗೇ. ಏನೂ ಆಗದೆ ಹೋದ ನಾಲ್ಕು ಸಲವೇ ಐದನೆಯ ಸಲಕ್ಕೆ ಧೈರ್ಯ ತುಂಬುತ್ತದೆ.

"ನೋಡಿದ್ಯಾ?" ಎಂದಳು ಕಾಟಮ್ಮ, ಯಾರನ್ನೂ ನೋಡದೆ.

ಆಮೇಲೆ ಯರ್ರಮ್ಮ ಚಿಲಕದ ಪಟ್ಟಿ ಎತ್ತಿಕೊಂಡಳು. ಅದು ಗೇಣುದ್ದವೂ ಇಲ್ಲದ ದಪ್ಪ ತುಂಡು. ಹಿಡಿದರೆ ಬೆರಳು ಅಲಗಿನ ಪಕ್ಕಕ್ಕೇ ಬಂತು. ಚಿನ್ನಯ್ಯ ಹಿಡಿಕೆ ಒತ್ತಿದ. ಸುಲಿದ ಕಬ್ಬಿಣ ಸುರುಳಿ ಸುರುಳಿಯಾಗಿ ಮೇಲೆದ್ದಿತು. ಇನ್ನೇನು ಮುಗಿಯಿತು ಅನ್ನುವಾಗ ಅಲಗು ತಳದ ಕಬ್ಬಿಣವನ್ನು ಗಬಕ್ಕನೆ ಕಚ್ಚಿತು.

"ತಡಿ!" ಕೂಗಿದಳು ಯರ್ರಮ್ಮ.

ಚಿನ್ನಯ್ಯ ತಡೆದ. ಅಭ್ಯಾಸಬಲ, ಹಿಡಿಕೆಯಿಂದ ಕೈ ತೆಗೆದು ನಿಂತೇಬಿಟ್ಟ. ಆದರೆ ತಿರುಗಿಸುತ್ತಿದ್ದವನು ಅವನಲ್ಲವಲ್ಲ. ಇಂಜಿನ್ನಿಗೆ ಕಿವಿಯಿಲ್ಲ. ಚಿಲಕದ ತುಂಡು ಅಲಗಿಗೆ ಕಚ್ಚಿಕೊಂಡು ಅವಳ ಕೈಯಿಂದ ಕಿತ್ತುಕೊಂಡಿತು, ಒಂದು ಸುತ್ತು ಸುತ್ತಿ ಬಂದು ಅವಳ ಹೆಬ್ಬೆರಳ ಬುಡಕ್ಕೆ ಹೊಡೆಯಿತು. ಗೋಣಿಯ ಎಳೆಗಳು ಅಲಗಿಗೆ ಸುತ್ತಿಕೊಂಡು ಕೈಯನ್ನು ಮುಂದಕ್ಕೆ ಎಳೆದವು.

"ವದ್ದು! ವದ್ದಕ್ಕಾ! ಬಿಡು, ಕೈ ಬಿಡು!" ಬಾಗಿಲಲ್ಲಿ ಮಾರಣ್ಣ ಕಿರುಚಿದ. ಗಾಬರಿಯಾದಾಗ 'ಬೇಡ' ಅನ್ನಲೂ ಅವನ ಬಾಯಿಗೆ ಮನೆಯ ತೆಲುಗೇ ಬರುತ್ತಿದ್ದದ್ದು. ಓಡಿ ಬಂದು ಕೋಲನ್ನು ತಳ್ಳಿದ.

ಅದಕ್ಕೂ ಮೊದಲೇ ಗೋಣಿಚೂರು ಪರ್ರನೆ ಹರಿದಿತ್ತು. ಯರ್ರಮ್ಮ ಹಿಂದಕ್ಕೆ ಬಿದ್ದಳು. ಅಲಗು ಲಟ್ಟನೆ ಮುರಿದು, ಚಿಲಕದ ತುಂಡು ಶೆಡ್ಡಿನ ಮಣ್ಣಿನ ಗೋಡೆಗೆ ಹೋಗಿ ನೆಟ್ಟುಕೊಂಡಿತು. ಹೆಬ್ಬೆರಳ ಬುಡ ಸೀಳಿ ರಕ್ತ ಸುರಿಯುತ್ತಿತ್ತು. ಬೆರಳು ಐದೂ ಇದ್ದವು. ಉಳಿಸಿದ್ದು ಅವಳ ಗಟ್ಟಿತನವಲ್ಲ, ಗೋಣಿ ಹಳೆಯದಾಗಿ ಲಡ್ಡು ಹಿಡಿದು, ಎಳೆದರೆ ಹರಿಯುವಂತಿದ್ದದ್ದು. ಹೊಸ ಗೋಣಿಯಾಗಿದ್ದರೆ ಈ ಕಥೆಯನ್ನು ನಾನು ಬೇರೆ ಥರ ಹೇಳಬೇಕಾಗುತ್ತಿತ್ತು.

ಕಾಟಮ್ಮ ಒಲೆಯ ಬೂದಿ ತರಲು ಹೊರಟಳು. "ಬೂದಿ ಬೇಡ ಅತ್ತೆಮ್ಮ, ಮಸಿ ಬೇಡ, ಏನೂ ಮೆತ್ತಬೇಡ್ರಿ" ಎಂದು ಮಾರಣ್ಣ ತಡೆದ. ಒಳ್ಳೆಯ ನೀರಿನಲ್ಲಿ ಕೈ ತೊಳೆದು, ಒಗೆದ ಬಟ್ಟೆ ಒತ್ತಿ ಹಿಡಿದು, ಕೈ ಮೇಲಕ್ಕೆ ಎತ್ತಿಸಿಕೊಂಡೇ ಸರ್ಕಾರಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಹೊಲಿಗೆ ಹಾಕಿದರು.

ನೋವು ಅಷ್ಟಿಷ್ಟಲ್ಲ. ಆದರೆ ಯರ್ರಮ್ಮನನ್ನು ತಿಂದದ್ದು ಗಾಯದ ನೋವಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕೂತೇ ಇದ್ದಳು. ಕುಲುಮೆಯಲ್ಲಿ ಚಿನ್ನಯ್ಯ ಒಬ್ಬನೇ ಹಿಡಿದು ಒಬ್ಬನೇ ಹೊಡೆದು ಸೊಟ್ಟ ಮಾಡುತ್ತಿರುವ ಸದ್ದು ಕೇಳಿದರೂ ಏಳಲಿಲ್ಲ. ನೋಡಲು ಬಂದ ತಮ್ಮನ ಮುಂದೆ ಮಾತ್ರ ಅವಳ ಕಣ್ಣು ತುಂಬಿತು.

"ಹಿಡಿಯಾಕೆ ನಿನ್ನ ಬಿಗಿಪಟ್ಟಿ ಬಂದ್ಮೇಲೆ ನಾನ್ಯಾಕಲೇ? ಅತ್ತೆ ಇಕ್ಕಳ ಕೊಟ್ಟಿದ್ದು ಈ ಕೈಗೆ. ಇನ್ಮೇಲೆ ಈ ಕೈ ಮುದ್ದೆ ತೊಳಸಾಕೆ ಮಾತ್ರ."

ಮಾರಣ್ಣನಿಗೆ ಅಕ್ಕನ ಸಂಕಟ ಅರ್ಥವಾಯಿತು. ಇಷ್ಟು ದಿನ ಅವಳು ಹಟ ಮಾಡುತ್ತಿದ್ದಾಳೆ ಎಂದಷ್ಟೇ ತಿಳಿದಿದ್ದ. ಹಟದ ಹಿಂದೆ ಇಂಥದ್ದೊಂದು ಭಯವಿದೆ ಎಂದು ಅವನಿಗೆ ಹೊಳೆದಿರಲಿಲ್ಲ. ಅವನು ಸಮಾಧಾನದ ಮಾತು ಹೇಳಲಿಲ್ಲ. "ನಡಿ ಅಕ್ಕಾ, ಒಂದು ಗಳಿಗೆ ಮಿಲ್ಲಿಗೆ ಹೋಗಿ ಬರಾನ" ಎಂದು ಎಬ್ಬಿಸಿದ. ಕಾಟಮ್ಮ, ಚಿನ್ನಯ್ಯ ಕೂಡ ಹಿಂದೆ ಹೋದರು.

ಶೆಡ್ಡಿನಲ್ಲಿ ಆ ಚಿಲಕದ ತುಂಡು ಗೋಡೆಯಲ್ಲೇ ನೆಟ್ಟಿತ್ತು. ಮಾರಣ್ಣ ಬೇಕೆಂದೇ ಹಾಗೇ ಬಿಟ್ಟಿದ್ದ.

"ಕೀಳು ಇದನ್ನ. ಗಾಯ ಇಲ್ಲದ ಕೈಯಾಗೆ ಕೀಳು."

ಯರ್ರಮ್ಮ ಬಲಗೈ ಹಾಕಿ ಎಳೆದಳು. ಅಲುಗಲಿಲ್ಲ. ಕಾಲನ್ನು ಗೋಡೆಗೆ ಕೊಟ್ಟು ಎಳೆದಳು. ಮಣ್ಣು ಉದುರಿತೇ ಹೊರತು ತುಂಡು ಬರಲಿಲ್ಲ. ಚಿನ್ನಯ್ಯನೂ ಕೈ ಹಾಕಿದ. ಇಬ್ಬರೂ ಸೇರಿ ಅಲ್ಲಾಡಿಸಿ ಅಲ್ಲಾಡಿಸಿ ಕೊನೆಗೆ ಕಿತ್ತರು. ಗೋಡೆಯಲ್ಲಿ ಬೆರಳು ಮುಳುಗುವಷ್ಟು ಗುಂಡಿ ಬಿದ್ದಿತ್ತು.

"ಇಷ್ಟು ಬಲದಾಗೆ ತಿರುಗಿದ್ದನ್ನ ನೀನು ಹಿಡಿದು ನಿಲ್ಲಿಸ್ತೀನಿ ಅಂದಿದ್ದು," ಎಂದ ಮಾರಣ್ಣ. "ನಿನ್ನ ಕೈ ಸೋತಿಲ್ಲ ಅಕ್ಕಾ. ಯಾರ ಕೈಗೂ ಇದು ಆಗೋ ಕೆಲಸ ಅಲ್ಲ. ನಾನು ಮೊದಲು ಕೆಲಸ ಕಲಿತ ಕಡೆ ಹನುಮಣ್ಣ ಅಂತ ಒಬ್ಬ ಇದ್ದ. ಗರಡಿ ಆಳು. ಅವನೂ ಹಿಡ್ಕಂತೀನಿ ಅಂದ. ಈಗ ಅವನು ಅಂಗಿ ಗುಂಡಿ ಹಾಕ್ಕಳ್ಳಾಕೂ ಹೆಂಡ್ತೀನೇ ಕರೀಬೇಕು."

ಕಾಟಮ್ಮ ಗೋಡೆಯ ಗುಂಡಿಯೊಳಗೆ ತನ್ನ ಬೆರಳು ಇಟ್ಟು ನೋಡಿ, ಕೆಂಡ ಮುಟ್ಟಿದವಳಂತೆ ಹಿಂದಕ್ಕೆ ತೆಗೆದಳು. "ನಾನೇ ಕುಮ್ಮಕ್ಕು ಕೊಟ್ಟೆ ಕಣಪ್ಪ" ಅಂದಳು.

"ಈಗ ಕೇಳು ಅಕ್ಕಾ. ಬಿಗಿಪಟ್ಟಿ ಅಂದ್ರೆ ಬರೀ ಕಬ್ಬಿಣ. ಎಲ್ಲಿ ಇಟ್ಟರೆ ಹಿಡಿತ ಕೂರ್ತೈತೆ, ಪಟ್ಟಿ ಯಾವ ಕಡೆ ಜಾರಾಕೆ ನೋಡ್ತೈತೆ ಅಂತ ಅದಕ್ಕೇನು ಗೊತ್ತು? ಅದು ಗೊತ್ತಿರೋದು ನಿನಗೆ. ನನಗೂ ಅಷ್ಟು ಗೊತ್ತಿಲ್ಲ."

ಇದು ಹೊಗಳಿಕೆಯ ಮಾತಲ್ಲ, ನಿಜವೇ. ಗಾಯ ಮಾಗಿದ ಮೇಲೆ ಯರ್ರಮ್ಮ ಶೆಡ್ಡಿಗೆ ಬಂದಳು. ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು, ಕೂದಲನ್ನು ಗಂಟು ಹಾಕಿ ಬಟ್ಟೆ ಕಟ್ಟಿದಳು, ಕೈ ಬರಿಗೈ. ಬೈರಿಗೆ ನಿಂತಿರುವಾಗಲೇ ಪಟ್ಟಿಯನ್ನು ಇಟ್ಟು, ತೂತು ಬೀಳುವ ಜಾಗಕ್ಕೆ ಆದಷ್ಟು ಹತ್ತಿರವಾಗಿ ಎರಡೂ ಬಗಲಿಗೆ ಬಿಗಿಪಟ್ಟಿ ಕೂರಿಸಿದಳು. ಒಂದೇ ಬೋಲ್ಟಿದ್ದರೆ ಪಟ್ಟಿ ಅದರ ಸುತ್ತಲೇ ತಿರುಗುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಮಾರಣ್ಣ ಕೂರಿಸುತ್ತಿದ್ದ ಬಿಗಿಪಟ್ಟಿಯ ಹಿಂದಿನ ತುದಿ ಒಮ್ಮೊಮ್ಮೆ ಕೆಳಗೆ ಬಾಗಿರುತ್ತಿತ್ತು. "ಇದು ಇಕ್ಕಳ ಸೊಟ್ಟ ಹಿಡಿದಂಗೆ ಕಣಲೇ, ಅರ್ಧ ಕಚ್ಕಂತೈತೆ, ಅರ್ಧ ಬಿಡ್ತೈತೆ" ಎಂದು ಬೈದು, ಹಿಂದಿನ ತುದಿಯ ಕೆಳಗೆ ಪಟ್ಟಿಯಷ್ಟೇ ದಪ್ಪದ ತುಂಡು ಕೊಟ್ಟು ಸಮ ಮಾಡಿದಳು. ಅಷ್ಟಕ್ಕೂ ಬಿಡದೆ, ಮೇಜಿನ ಎಡಪಕ್ಕದ ಸೀಳಿನಲ್ಲಿ ಒಂದು ದಪ್ಪ ಬೋಲ್ಟನ್ನು ಗೂಟದಂತೆ ನಿಲ್ಲಿಸಿದಳು. ಎಲ್ಲ ತಪ್ಪಿ ಪಟ್ಟಿ ತಿರುಗಿದರೂ ಆ ಗೂಟಕ್ಕೆ ತಾಗಿ ನಿಲ್ಲಲಿ ಎಂದು. ಬಿಗಿದಾದ ಮೇಲೆ ಪಟ್ಟಿಯ ತುದಿ ಹಿಡಿದು ಮೈಬಲವೆಲ್ಲ ಹಾಕಿ ಅಲ್ಲಾಡಿಸಿ ನೋಡುವಳು. ಅಲುಗಿದರೆ ಬಿಚ್ಚಿ ಮತ್ತೆ ಬಿಗಿಯುವಳು. ಪಾನಾ ತೆಗೆದು ಗೋಡೆಗೆ ತೂಗುಹಾಕಿದ ಮೇಲೆಯೇ, "ಹ್ಞೂಂ."

ಮೊದಮೊದಲು ನಿಧಾನವಾಯಿತು. ಆಮೇಲೆ ಒಂದೇ ಅಳತೆಯ ಪಟ್ಟಿಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಾಗ ನಟ್ಟು ಸಡಿಲಿಸುವುದು, ಪಟ್ಟಿ ಬದಲಿಸುವುದು, ಬಿಗಿಯುವುದು ಸರಾಗವಾಯಿತು. ತೂತುಗಳು ಎಷ್ಟು ನೇರ ಬಿದ್ದವೆಂದರೆ ಚಿನ್ನಯ್ಯ ಬೋಲ್ಟು ಹಾಕಿ ತೆಗೆದು, ಹಾಕಿ ತೆಗೆದು ಮಕ್ಕಳಂತೆ ಆಡುತ್ತಿದ್ದ. ಮಿಲ್ಲಿನ ಆಳುಗಳು ಊಟದ ಹೊತ್ತಿನಲ್ಲಿ ಬಂದು ನಿಂತು ನೋಡತೊಡಗಿದರು. ಯರ್ರಮ್ಮನಿಗೆ ಅದು ಗೊತ್ತಿತ್ತು.

ಕೆಲಸ ಮುಗಿಯುವ ದಿನ ಶಿವಮೂರ್ತಪ್ಪನೇ ಬಂಡಿ ಕಟ್ಟಿಕೊಂಡು ಬಂದ. ಹೊತ್ತು ಮುಳುಗುವ ಮೊದಲು ಉಳ್ಳಾರ್ತಿ ಸೇರಬೇಕೆಂದು ಅವನಿಗೆ ಅವಸರ. ಪಟ್ಟಿಗಳನ್ನೆಲ್ಲ ಬಂಡಿಗೆ ಹೇರಿ ನೋಡಿದರೆ ಒಂದು ಚಿಲಕದ ಪಟ್ಟಿಗೆ ಒಂದು ತೂತು ಬಾಕಿ ಉಳಿದಿತ್ತು. ಹಿಂದೆ ಗೋಡೆಗೆ ಹೋಗಿ ನೆಟ್ಟುಕೊಂಡಿತ್ತಲ್ಲ, ಅದೇ ಅಳತೆಯದು.

ಮಾರಣ್ಣ ಅಲ್ಲಿರಲಿಲ್ಲ. ಚಿನ್ನಯ್ಯನಿಗೆ ಗುತ್ತಿಗೆದಾರನನ್ನು ಕಾಯಿಸಲು ಸಂಕೋಚ. "ಒಂದೇ ತೂತು ಕಣೇ. ಬೋಲ್ಟು ಗೀಲ್ಟು ಬೇಡ. ನಾನೇ ಹಿಡ್ಕಂತೀನಿ, ನೀನು ಹಿಡಿಕೆ ಒತ್ತು, ಆಗೋಯ್ತು" ಎಂದು ತುಂಡನ್ನು ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಅದುಮಿಕೊಂಡ.

ಯರ್ರಮ್ಮ ಬೆಲ್ಟಿನ ಕೋಲಿಗೆ ಅಡ್ಡ ನಿಂತಳು.

"ಕೈ ತೆಗೀರಿ."

"ಒಂದೇ ಕಣೇ!"

"ನನ್ನ ಕೈ ಸೀಳಿದ್ದೂ ಒಂದೇ ತುಂಡು. ತೆಗೀರಿ ಅಂದೆ."

ಶಿವಮೂರ್ತಪ್ಪ ಬಂಡಿಯ ಹತ್ತಿರದಿಂದಲೇ ನಕ್ಕ. "ಏನಮ್ಮಾ, ನಿನ್ನ ಹಿಡಿತ ಅಂದ್ರೆ ನಾಯಕನಹಟ್ಟಿವರ್ಗೂ ಹೆಸರು. ಚೋಟುದ್ದದ ತುಂಡು ಹಿಡಿಯಾಕೆ ಹಿಂದೇಟಾ? ಹಂಗಾದ್ರೆ ಆ ಹೆಸರೆಲ್ಲ ಸುಳ್ಳಾ?"

ಮಿಲ್ಲಿನ ಆಳುಗಳು ತಿರುಗಿ ನೋಡಿದರು. ಯರ್ರಮ್ಮನ ಮುಖಕ್ಕೆ ರಕ್ತ ಏರಿತು. ಇಂಥ ಮಾತಿಗೆ ಅವಳು ಜನ್ಮದಲ್ಲಿ ಸುಮ್ಮನಿದ್ದವಳಲ್ಲ. ಹಿಂದಿನ ಯರ್ರಮ್ಮನಾಗಿದ್ದರೆ ಆ ತುಂಡನ್ನು ಕಿತ್ತುಕೊಂಡು ಹಿಡಿದೇ ತೋರಿಸುತ್ತಿದ್ದಳು. ಒಂದು ಗಳಿಗೆ ಗಾಯದ ಕಲೆಯನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಉಜ್ಜಿಕೊಂಡಳು.

"ಆಗಲ್ಲ ರೀ," ಎಂದಳು, ಎಲ್ಲರಿಗೂ ಕೇಳುವಂತೆ. "ಇದು ನನ್ನ ಕೈ ಮೀರಿದ್ದು. ನಮ್ಮನೆಯೋರ ಕೈನೂ ಮೀರಿದ್ದು. ಬಿಗಿದೇ ಕೊರಿಯೋದು. ಕಾಯೋಂಗಿದ್ರೆ ಕಾಯ್ರಿ, ಇಲ್ಲಾಂದ್ರೆ ಒಂದು ಚಿಲಕ ಕಮ್ಮಿ ತಗಂಡು ಹೋಗ್ರಿ."

"ಹೇಳಿದ್ಲಲ್ಲ ನನ್ನ ಸೊಸೆ," ಎಂದಳು ಮಜ್ಜಿಗೆ ಹೊತ್ತು ತಂದಿದ್ದ ಕಾಟಮ್ಮ. "ಕುಂತ್ಕಳ್ರಿ ಶಿವಮೂರ್ತಪ್ಪಾರೇ, ಮಜ್ಜಿಗೆ ಕುಡೀರಿ. ಎತ್ತಿಗೂ ದಣಿವಾರ್ತೈತೆ."

ಚಿನ್ನಯ್ಯ ಮುಖ ಊದಿಸಿಕೊಂಡೇ ಕೈ ತೆಗೆದ. ಯರ್ರಮ್ಮ ಹಲಗೆ ಹಾಸಿದಳು, ತುಂಡು ಕೂರಿಸಿದಳು, ಎರಡೂ ಬಗಲಿಗೆ ಬಿಗಿಪಟ್ಟಿ ಹಾಕಿ ನಟ್ಟು ತಿರುಗಿಸಿದಳು. ಅಲ್ಲಾಡಿಸಿ ನೋಡಿದಳು. ಪಾನಾ ಗೋಡೆಗೆ ಹೋಯಿತು. ಬೆಲ್ಟು ಸರಿಯಿತು.

ಗಂಡನಿಗೆ ಸಿಟ್ಟಿತ್ತಲ್ಲ, ಹಿಡಿಕೆಯನ್ನು ಒಂದು ಗುಲಗಂಜಿ ಜಾಸ್ತಿಯೇ ಒತ್ತಿದ. ಕೊನೆಗೆ ಬಂದಾಗ ಮೆತ್ತಗೆ ಮಾಡಬೇಕಾದ್ದನ್ನು ಮರೆತ. ಅಲಗು ಗಬಕ್ಕನೆ ಕಚ್ಚಿತು. ಕಂಬ ಅದುರಿತು, ಬೆಲ್ಟು ಗಾಲಿಯ ಮೇಲೆ ಜಾರುತ್ತ ಕಿರ್ರೆಂದು ಕಿರುಚಿತು. ಯರ್ರಮ್ಮ ಕೋಲು ತಳ್ಳಿದಳು. ಎಲ್ಲ ನಿಂತಿತು.

ಚಿಲಕದ ತುಂಡು ಇಟ್ಟ ಜಾಗದಲ್ಲೇ ಇತ್ತು. ಒಂದು ಎಳೆಯಷ್ಟೂ ಕದಲಿರಲಿಲ್ಲ.

ಚಿನ್ನಯ್ಯ ಮೇಜಿನ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಮೊದಲು ಅವನ ಎರಡೂ ಕೈ ಎಲ್ಲಿದ್ದವೋ ಅಲ್ಲಿ ಈಗ ಎರಡು ಬಿಗಿಪಟ್ಟಿಗಳಿದ್ದವು. ಹೆಂಡತಿಯ ಮುಂದೆ ತಪ್ಪು ಒಪ್ಪಿಕೊಳ್ಳುವ ರೂಢಿ ಆ ಕಾಲದ ಗಂಡಸರಿಗೆ ಕಮ್ಮಿ. ಅವನು ಒಪ್ಪಿಕೊಂಡ. "ನನ್ನ 'ಒಂದೇ ಒಂದು' ಅನ್ನೋ ಮಾತಿಗೆ ಎರಡು ಕೈಯೂ ಹೋಗ್ತಿದ್ವಲ್ಲೇ," ಅಂದ. ಬಂಡಿಯ ಹತ್ತಿರವಿದ್ದ ಶಿವಮೂರ್ತಪ್ಪನ ನಗುವೂ ನಿಂತಿತ್ತು. ಅವನು ಮಜ್ಜಿಗೆಯ ಲೋಟ ಹಿಡಿದು ಹತ್ತಿರ ಬಂದು, ಬಿಗಿದ ತುಂಡನ್ನು ಅಲ್ಲಾಡಿಸಿ ನೋಡಿ, ಅದು ಅಲುಗದ್ದನ್ನು ಕಂಡು ಸುಮ್ಮನೆ ತಲೆ ಆಡಿಸಿದ.

ಅವತ್ತಿನಿಂದ ಆ ಮನೆಯಲ್ಲಿ ಬಿಗಿಯದೆ ಕೊರೆಯುವ ಮಾತು ಯಾರೂ ಎತ್ತಲಿಲ್ಲ. ಬೇರೆ ಕುಲುಮೆಯವರು ಬೈರಿಗೆ ಕೆಲಸ ಕಲಿಯಲು ಬಂದರೆ ಮಾರಣ್ಣ ಅವರನ್ನು ಅಕ್ಕನ ಹತ್ತಿರ ಕಳಿಸುತ್ತಿದ್ದ. ಅವಳು ಮೊದಲು ಅವರ ಕೈಗೆ ಕೊಡುತ್ತಿದ್ದದ್ದು ಪಾನಾ.

ಕುಲುಮೆಯ ಅಣ್ಣಂದಿರೇ, ವೆಲ್ಡಿಂಗ್ ಅಂಗಡಿಯ ತಮ್ಮಂದಿರೇ, ಗ್ಯಾರೇಜಿನಲ್ಲಿ, ಐಟಿಐಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರೇ, ಈ ಮಾತು ನಿಮಗೇ. ಬೆಲ್ಟಿನ ಜಾಗಕ್ಕೆ ಮೋಟರು ಬಂದಿದೆ ಅಷ್ಟೇ, ಅಲಗಿನ ಗುಣ ಬದಲಾಗಿಲ್ಲ. ತುಂಡು ಚಿಕ್ಕದಾದಷ್ಟೂ ಅಪಾಯ ದೊಡ್ಡದು. ಅದನ್ನು ವೈಸಿನ ದವಡೆಯಲ್ಲಿ ಕಚ್ಚಿಸಿ, ವೈಸನ್ನು ಮೇಜಿಗೆ ಬಿಗಿಯಿರಿ. ಪಟ್ಟಿಯಾದರೆ ಎರಡು ಕಡೆ ಕ್ಲ್ಯಾಂಪು ಹಾಕಿ. ಡ್ರಿಲ್ಲಿಂಗ್ ಮಷೀನಿನ ಮುಂದೆ ಕೈಗವಸು ರಕ್ಷಣೆಯಲ್ಲ, ಅದು ಯರ್ರಮ್ಮನ ಗೋಣಿಚೂರು. ಅದನ್ನು ತೆಗೆದಿಡಿ. ಗಡಿಯಾರ, ಉಂಗುರ, ಬಳೆ, ಜೋತಾಡುವ ಸೆರಗು, ವೇಲು, ಬಿಚ್ಚಿದ ಕೂದಲು ಯಾವುದೂ ಅದರ ಹತ್ತಿರ ಬೇಡ. ಕಣ್ಣಿಗೆ ಕನ್ನಡಕ ಮಾತ್ರ ಮರೆಯಬೇಡಿ. ಪುಡಿ ತೆಗೆಯಲು ಬೆರಳು ಹಾಕಬೇಡಿ, ಮಷೀನು ನಿಲ್ಲಿಸಿ ಬ್ರಷ್ ಹಾಕಿ. ಅಕಸ್ಮಾತ್ ತುಂಡು ತಿರುಗಿತೋ, ಹಿಡಿಯಲು ಹೋಗಬೇಡಿ. ಹಿಂದಕ್ಕೆ ಸರಿದು ಸ್ವಿಚ್ಚು ಆರಿಸಿ.

"ಒಂದೇ ತೂತು" ಎಂದು ಯಾರಾದರೂ ಅವಸರ ಮಾಡಿದರೆ, ಅವರು ಮಾಲೀಕರಾಗಲಿ, ಗಿರಾಕಿಯಾಗಲಿ, "ಆಗಲ್ಲ ರೀ" ಅನ್ನುವುದನ್ನು ಕಲಿಯಿರಿ. ಹಾಗಂದರೆ ಯಾರ ಮಾನವೂ ಹೋಗುವುದಿಲ್ಲ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುವ ಮುಂಚೆ ನಿಮ್ಮ ಕೈಯನ್ನು ಒಂದು ಸಲ ನೋಡಿಕೊಳ್ಳಿ. ಬೆರಳು ಐದೂ ಇದ್ದರೆ, ನಾಳೆ ಬೆಳಿಗ್ಗೆ ಸ್ವಿಚ್ಚು ಹಾಕುವ ಮೊದಲು ಎರಡು ಬೋಲ್ಟು ಬಿಗಿಯಿರಿ.